ಮಡಿಲು ಆಸನವಲ್ಲ

ವಿಜಯವಾಡದ ಆಟೋನಗರದಲ್ಲಿ ನೆಲೆಸಿರುವ ನಾವು ಊರಿಗೆ ಹೊರಡುವ ಮುನ್ನ ಕಾರಿನ ಬ್ರೇಕು, ಟೈರುಗಳನ್ನು ತಪ್ಪದೆ ಪರೀಕ್ಷಿಸಿಕೊಳ್ಳುತ್ತೇವೆ. ಆದರೆ ಬೆಂಗಳೂರಿನವರೆಗಿನ ಆರುನೂರಕ್ಕೂ ಹೆಚ್ಚು ಕಿಲೋಮೀಟರು ದಾರಿಯನ್ನು ಹಸುಗೂಸು ತಾಯಿಯ ಮಡಿಲಿನಲ್ಲಿಯೇ ಕಳೆಯುತ್ತದೆ. ನಾನೂ ಮಗನನ್ನು ಹಾಗೆಯೇ ಕರೆದೊಯ್ದವನು. ಒಮ್ಮೆ ಹಠಾತ್ತನೆ ಬ್ರೇಕು ಹಾಕಿದಾಗ ಮಗು ತಾಯಿಯ ಕೈಜಾರಿ ಮುಂದಕ್ಕೆ ಬಿದ್ದಿತು. ದೈವಕೃಪೆಯಿಂದ ಗಾಯವಾಗಲಿಲ್ಲ, ಮಡಿಲಿನ ಮೇಲಿದ್ದ ನನ್ನ ಭರವಸೆ ಮಾತ್ರ ಅಂದೇ ಅಳಿಯಿತು.

ಮೋಟಾರು ವಾಹನಗಳ ಕಾಯಿದೆಗೆ 2019ರಲ್ಲಾದ ತಿದ್ದುಪಡಿಯು ಹದಿನಾಲ್ಕು ವರ್ಷದೊಳಗಿನವರಿಗೆ ಸೀಟುಬೆಲ್ಟು ಇಲ್ಲವೆ ಮಕ್ಕಳ ಆಸನವನ್ನು ಕಡ್ಡಾಯಗೊಳಿಸಿ, ತಪ್ಪಿದರೆ 1000 ರೂಪಾಯಿ ದಂಡ ವಿಧಿಸಿದೆ. ಕೂಸಿನ ಕತ್ತು ಎಳೆಯದಾದ್ದರಿಂದ ಆಸನವು ಹಿಂದಿನ ಸೀಟಿನಲ್ಲಿ, ಹಿಮ್ಮುಖವಾಗಿಯೇ ಇರಬೇಕು. ಎರಡು ಗಂಟೆಗೊಮ್ಮೆ ಕಾರು ನಿಲ್ಲಿಸಿ, ಮಗುವನ್ನೆತ್ತಿ ಹಾಲೂಡಿಸಬೇಕು.

ಆಸನ ದುಬಾರಿಯೆಂಬ ವಾದವನ್ನು ಬ್ಯಾಂಕಿನವನಾದ ನಾನು ಒಪ್ಪಲಾರೆ. ಕಾರಿಗೆ ವರ್ಷವರ್ಷವೂ ವಿಮೆ ಕಟ್ಟುವ ನಾವು ಕೂಸಿನ ವಿಷಯದಲ್ಲಿ ಜಿಪುಣರಾಗುವುದು ತರವಲ್ಲ.