ತೊಟ್ಟಿಲು ತೂಗದಿದ್ದರೆ ತಪ್ಪು ಯಾರದು?

ಮದುವೆಯಾಗಿ ಮೂರ್ನಾಲ್ಕು ವರ್ಷವಾದರೂ ಮಕ್ಕಳಾಗದಿದ್ದರೆ ಮೊದಲು ಆಸ್ಪತ್ರೆಯ ಮೆಟ್ಟಿಲು ಹತ್ತುವವಳು ಸೊಸೆ. ಹರಕೆ, ವ್ರತ, ಸ್ಕ್ಯಾನಿಂಗ್ ಎಲ್ಲವೂ ಅವಳ ಪಾಲಿಗೇ. ಆದರೆ ಇಂಥ ದಂಪತಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಯಲ್ಲಿ ಗಂಡಿನ ಕಡೆಯ ಕಾರಣವೂ ಸೇರಿರುತ್ತದೆ. ಅದರ ಬೇರು ಕೆಲವೊಮ್ಮೆ ಬಾಲ್ಯದಲ್ಲೇ ಇರುತ್ತದೆ.

ವೀರ್ಯಾಣುಗಳು ತಯಾರಾಗುವುದು ವೃಷಣಗಳಲ್ಲಿ. ಇದಕ್ಕೆ ಅಪ್ಪಣೆ ಕೊಡುವುದು ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ. ಒಂದು ವೀರ್ಯಾಣು ರೂಪುಗೊಳ್ಳಲು ಸುಮಾರು ಎರಡೂವರೆ ತಿಂಗಳು ಹಿಡಿಯುತ್ತದೆ. ದೇಹದ ಒಳಗಿನ ಶಾಖಕ್ಕಿಂತ 2-3 ಡಿಗ್ರಿ ಸೆಲ್ಸಿಯಸ್‌ನಷ್ಟು ತಂಪೂ ಬೇಕು. ವೃಷಣಗಳು ಹೊಟ್ಟೆಯ ಹೊರಗೆ ಚೀಲದಲ್ಲಿದ್ದರೆ ಈ ತಂಪು ಸಿಗುತ್ತದೆ.

ಕೆಲವು ಗಂಡುಮಕ್ಕಳಲ್ಲಿ ವೃಷಣ ಕೆಳಗಿಳಿಯದೆ ಹೊಟ್ಟೆಯಲ್ಲೋ ತೊಡೆಸಂದಿಯಲ್ಲೋ ಉಳಿದಿರುತ್ತದೆ. 'ದೊಡ್ಡವನಾದ ಮೇಲೆ ತಾನೇ ಸರಿಹೋಗುತ್ತದೆ' ಎಂದು ಕಾಯುವುದು ತಪ್ಪು. ಮಗುವಿಗೆ 6 ತಿಂಗಳಾದರೂ ಇಳಿಯದಿದ್ದರೆ ವೈದ್ಯರಿಗೆ ತೋರಿಸಬೇಕು; ಶಸ್ತ್ರಚಿಕಿತ್ಸೆ ಬೇಕಾದರೆ 18 ತಿಂಗಳೊಳಗೆ ಮಾಡಿಸುವುದು ಒಳ್ಳೆಯದು. ಹದಿಹರೆಯದಲ್ಲಿ ಮಂಗನಬಾವು ಬಂದು ವೃಷಣ ಊದಿಕೊಂಡರೂ ವೀರ್ಯಾಣು ಉತ್ಪತ್ತಿಗೆ ಧಕ್ಕೆಯಾಗಬಹುದು. ಈ ರೋಗಕ್ಕೆ ಲಸಿಕೆಯಿದೆ.

ಹುಡುಗನಿಗೆ ಆ ಭಾಗದಲ್ಲಿ ಇದ್ದಕ್ಕಿದ್ದಂತೆ ತಡೆಯಲಾರದ ನೋವು ಬಂದರೆ ವೃಷಣ ತಿರುಚಿಕೊಂಡಿರಬಹುದು. ಸುಮಾರು 6 ಗಂಟೆಯೊಳಗೆ ಶಸ್ತ್ರಚಿಕಿತ್ಸೆಯಾದರೆ ಅದು ಉಳಿಯುವ ಸಾಧ್ಯತೆ ಹೆಚ್ಚು. ನಾಚಿಕೆಯಿಂದ ಬೆಳಗಾಗುವವರೆಗೆ ಬಾಯಿಮುಚ್ಚಿಕೊಂಡಿದ್ದರೆ ಅದನ್ನು ಕಳೆದುಕೊಳ್ಳಬೇಕಾದೀತು.

ಮೈಕಟ್ಟಿಗಾಗಿ ಜಿಮ್ಮಿನಲ್ಲಿ ಸ್ಟೀರಾಯ್ಡ್ ಚುಚ್ಚಿಸಿಕೊಳ್ಳುವ ವಿದ್ಯಾರ್ಥಿಗಳೂ ಎಚ್ಚರವಹಿಸಬೇಕು. ಹೊರಗಿನಿಂದ ಟೆಸ್ಟೋಸ್ಟೆರಾನ್ ಬಂದೊಡನೆ ಪಿಟ್ಯುಟರಿ ತನ್ನ ಅಪ್ಪಣೆ ನಿಲ್ಲಿಸುತ್ತದೆ. ಮೈ ಹುರಿಗಟ್ಟುತ್ತದೆ, ವೀರ್ಯಾಣು ಬತ್ತುತ್ತದೆ. ಬಿಟ್ಟ ಮೇಲೂ ಚೇತರಿಕೆಗೆ ತಿಂಗಳುಗಟ್ಟಲೆ ಬೇಕು.

ಮೊದಲ ಪರೀಕ್ಷೆ ಸರಳ: ವೀರ್ಯ ಪರೀಕ್ಷೆ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯ ಪ್ರಕಾರ ಒಂದು ಮಿಲಿಲೀಟರಿಗೆ 1.6 ಕೋಟಿ ವೀರ್ಯಾಣು ಕೆಳಗಿನ ಮಿತಿ. ಅದಕ್ಕಿಂತ ಕಡಿಮೆಯಿದ್ದ ಮಾತ್ರಕ್ಕೆ ಮಕ್ಕಳಾಗುವುದೇ ಇಲ್ಲವೆಂದಲ್ಲ. ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸಬೇಕು.

ಚಿಕಿತ್ಸೆ ಕಾರಣವನ್ನು ಅವಲಂಬಿಸಿದೆ. ವೃಷಣದ ರಕ್ತನಾಳ ಉಬ್ಬಿದ್ದರೆ ಶಸ್ತ್ರಚಿಕಿತ್ಸೆ ನೆರವಾಗಬಹುದು. ಪಿಟ್ಯುಟರಿ ಹಾರ್ಮೋನಿನ ಕೊರತೆಯಿದ್ದರೆ ಚುಚ್ಚುಮದ್ದು ಇದೆ. 1992ರಲ್ಲಿ ಬ್ರಸೆಲ್ಸ್‌ನ ವೈದ್ಯರು ಪ್ರಕಟಿಸಿದ 'ಇಕ್ಸಿ' ವಿಧಾನದಲ್ಲಿ ಒಂದೇ ವೀರ್ಯಾಣುವನ್ನು ಸೂಜಿಯಿಂದ ಅಂಡದೊಳಗೆ ಸೇರಿಸುತ್ತಾರೆ. ವೀರ್ಯದಲ್ಲಿ ವೀರ್ಯಾಣುವೇ ಇಲ್ಲದ ಕೆಲವರಿಗೂ ವೃಷಣದಿಂದಲೇ ಅದನ್ನು ಹೆಕ್ಕಿ ತೆಗೆಯಬಹುದು. ಎಲ್ಲರಿಗೂ ಫಲ ಸಿಗುತ್ತದೆಂಬ ಭರವಸೆ ಮಾತ್ರ ಇಲ್ಲ.

ವೀರ್ಯಾಣುಗಳ ಸಂಖ್ಯೆಗೂ ಗಂಡಸುತನಕ್ಕೂ ಸಂಬಂಧವಿಲ್ಲ. ಸೊಸೆಯ ಜೊತೆ ಮಗನೂ ಮೊದಲ ದಿನವೇ ಪರೀಕ್ಷೆಗೆ ಹೋದರೆ ಅವಳ ಕಣ್ಣೀರೂ ಉಳಿದೀತು, ಕಾಲವೂ ಉಳಿದೀತು.