ಬೆಳಗಿನ ಜಾವದ ಹೆದ್ದಾರಿ: ಸಿದ್ಧತೆಯಲ್ಲಿ ಮರೆತುಹೋದ ನಿದ್ದೆ

ಹಾವೇರಿ: ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಕ್ರಾಸ್ ಬಳಿ 2024ರ ಜೂನ್ 28ರ ಬೆಳಗಿನ ಜಾವ, ನಿಂತಿದ್ದ ಲಾರಿಗೆ ಟೆಂಪೊ ಟ್ರಾವೆಲರ್ ಹಿಂದಿನಿಂದ ಡಿಕ್ಕಿ ಹೊಡೆದು 13 ಮಂದಿ ಅಸುನೀಗಿದರು. ಭದ್ರಾವತಿ ತಾಲ್ಲೂಕಿನ ಎಮ್ಮೆಹಟ್ಟಿಯ ಕುಟುಂಬಗಳವರು ದೇವರ ದರ್ಶನ ಮುಗಿಸಿ ಊರಿಗೆ ಮರಳುತ್ತಿದ್ದರು.

ಅವರು ಸಾಗುತ್ತಿದ್ದುದು ಕಾಡುದಾರಿಯಲ್ಲಲ್ಲ. ಪುಣೆ–ಬೆಂಗಳೂರು ರಾಷ್ಟ್ರೀಯ ಹೆದ್ದಾರಿ 48ರಲ್ಲಿ. ರಸ್ತೆ ಉತ್ತಮವಾದಷ್ಟೂ ವೇಗ ಹೆಚ್ಚುತ್ತದೆ, ಕತ್ತಲಲ್ಲಿ ನಿಂತ ಲಾರಿ ಕಣ್ಣಿಗೆ ಬೀಳುವಷ್ಟರಲ್ಲಿ ಬ್ರೇಕ್ ಒತ್ತಲು ಸಮಯವೇ ಉಳಿದಿರುವುದಿಲ್ಲ.

ದೂರ ಪ್ರಯಾಣಕ್ಕೆ ನಮ್ಮಲ್ಲಿ ಸಿದ್ಧತೆಯ ಕೊರತೆಯೇನಿಲ್ಲ. ಟೈರಿನಡಿ ನಿಂಬೆಹಣ್ಣು ಇಡುತ್ತೇವೆ, ಸ್ಟೆಪ್ನಿ ನೋಡುತ್ತೇವೆ, ರೊಟ್ಟಿ–ಚಟ್ನಿಪುಡಿ ಕಟ್ಟಿಕೊಳ್ಳುತ್ತೇವೆ. ಚಾಲಕ ಎಲ್ಲಿ, ಎಷ್ಟು ಹೊತ್ತು ಮಲಗುತ್ತಾನೆ ಎಂಬ ಪ್ರಶ್ನೆಯನ್ನು ಮಾತ್ರ ಯಾರೂ ಕೇಳುವುದಿಲ್ಲ. ಒಂದು ರಾತ್ರಿಯ ಲಾಡ್ಜ್ ಬಾಡಿಗೆ, ಮರುದಿನದ ಕೂಲಿ, ವಾಹನದ ದಿನದ ಬಾಡಿಗೆ ಎಲ್ಲವನ್ನೂ ಉಳಿಸುವ ಲೆಕ್ಕಾಚಾರವೇ ರಾತ್ರಿ ಪ್ರಯಾಣ. ಹಗಲಿಡೀ ದೇವಸ್ಥಾನದ ಹೊರಗೆ ಕಾದ ಚಾಲಕನೇ ರಾತ್ರಿಯೂ ಸ್ಟಿಯರಿಂಗ್ ಹಿಡಿಯಬೇಕು. ಈ ಲೆಕ್ಕ ಹಾಕುವವರು ಪ್ರಯಾಣಿಕರೇ ಆಗಿರುವಾಗ, ಚಾಲಕನೊಬ್ಬನನ್ನೇ ದೂರುವುದು ನ್ಯಾಯವಲ್ಲ.

ಸಾರಿಗೆ ಕಾರ್ಮಿಕರಿಗೆ ದಿನಕ್ಕೆ 8 ಗಂಟೆಯ ದುಡಿಮೆ, ಸತತ 5 ಗಂಟೆಗಳ ಬಳಿಕ ಅರ್ಧ ಗಂಟೆ ವಿರಾಮ ಎಂದು 1961ರ ಕಾಯ್ದೆಯೇ ವಿಧಿಸಿತ್ತು. ಆದರೆ ತನ್ನದೇ ವಾಹನವನ್ನು ತಾನೇ ಓಡಿಸುವವನ ಗಂಟೆಗಳನ್ನು ಎಣಿಸುವವರು ಯಾರು? ಅಪಾಯವಾಗುವಂತೆ ವಾಹನ ನಿಲ್ಲಿಸಬಾರದೆಂದು ಮೋಟಾರು ವಾಹನ ಕಾಯ್ದೆಯ 122ನೇ ಕಲಂ ಹೇಳುತ್ತದೆ. ಹೆದ್ದಾರಿ ಬದಿಯ ಢಾಬಾಗಳ ಮುಂದೆ ಆ ಕಲಂಗೆ ಸಿಗುವ ಬೆಲೆ ಎಲ್ಲರಿಗೂ ತಿಳಿದದ್ದೇ.

ಮಧ್ಯರಾತ್ರಿ ಕಳೆದು ಬೆಳಗಿನ ಐದರವರೆಗೆ ದೇಹವೇ ನಿದ್ದೆಯನ್ನು ಬೇಡುತ್ತದೆ. ಚಹಾ ಅದನ್ನು ಸ್ವಲ್ಪ ಮುಂದೂಡೀತು, ಅಷ್ಟೆ. ಸವದತ್ತಿ, ಧಾರವಾಡದ ಕಡೆಯಿಂದ ದಕ್ಷಿಣಕ್ಕೆ ಬರುವವರು ಹಾವೇರಿಯಲ್ಲಾಗಲಿ ರಾಣೆಬೆನ್ನೂರಿನಲ್ಲಾಗಲಿ ತಂಗುವುದನ್ನು ಊರು ಬಿಡುವ ಮುನ್ನವೇ ನಿಶ್ಚಯಿಸಿಕೊಳ್ಳುವುದು ಒಳಿತು. ಎರಡೂ ಹೆದ್ದಾರಿಗೆ ಹೊಂದಿಕೊಂಡ ಊರುಗಳು, ಲಾಡ್ಜ್‌ಗಳಿವೆ. ನಡುವಣ ಮೋಟೆಬೆನ್ನೂರಿನ ಬಳಿ ಮೆಣಸಿನಕಾಯಿ ಹಂಗಾಮಿನಲ್ಲಿ ಬ್ಯಾಡಗಿ ಮಾರುಕಟ್ಟೆಗೆ ತಿರುಗುವ ಲಾರಿಗಳಿರುತ್ತವೆ. ಅಲ್ಲಿ ವೇಗ ತಗ್ಗಲೇಬೇಕು.

ನಮ್ಮ ವಾಹನವೇ ಕೆಟ್ಟು ನಿಂತರೆ, ಪಾರ್ಕಿಂಗ್ ದೀಪ ಹಾಕಿ, ಹಿಂದೆ ಸಾಕಷ್ಟು ದೂರದಲ್ಲಿ ಪ್ರತಿಫಲಿಸುವ ತ್ರಿಕೋನವನ್ನಿಟ್ಟು, ಪ್ರಯಾಣಿಕರೆಲ್ಲ ರಸ್ತೆಯಿಂದಾಚೆ ನಿಲ್ಲಬೇಕು. ಒಳಗೇ ಮಲಗಿರುವವರಿಗೇ ಅಪಾಯ ಹೆಚ್ಚು. ಹೆದ್ದಾರಿ ನೆರವಿಗೆ 1033, ಆಂಬುಲೆನ್ಸ್‌ಗೆ 108, ಪೊಲೀಸರಿಗೆ 112ಕ್ಕೆ ಕರೆ ಮಾಡಬಹುದು. ಕರೆ ಮಾಡುವಾಗ ಸಮೀಪದ ಕಿಲೋಮೀಟರ್ ಕಲ್ಲಿನ ಸಂಖ್ಯೆ ಹೇಳಿದರೆ ನೆರವು ಬೇಗ ತಲುಪುತ್ತದೆ.