ಕಡ್ಡಿರಾಂಪುರದಲ್ಲೂ ಒಂದು ಸಲ ಇಳಿಯೋಣ

ನಮ್ಮ ಹಾಸ್ಟೆಲ್‌ಗಳಲ್ಲಿ ಜಪಾನ್ ಇತಿಹಾಸ ಗೊತ್ತಿರೋರಿಗೆ ಬರ ಇಲ್ಲ. ಅನಿಮೆ ನೋಡಿ ನೋಡಿ ಸಮುರಾಯ್, ಶೋಗನ್, ಎಡೋ, ಮೇಜಿ ಎಲ್ಲ ಬಾಯಿಪಾಠ ಆಗಿದೆ. ಅದು ಒಳ್ಳೇದೇ. ಆದರೆ ವಿಜಯನಗರದ ಬಗ್ಗೆ ಕೇಳಿದರೆ ನಮ್ಮ ಉತ್ತರ ಮೂರೇ ಸಾಲು: 1336ರಲ್ಲಿ ಹಕ್ಕ-ಬುಕ್ಕರು ಕಟ್ಟಿದರು, ಕೃಷ್ಣದೇವರಾಯನ ಕಾಲದಲ್ಲಿ ಮುತ್ತು ರತ್ನವನ್ನ ಬೀದೀಲಿ ಸುರಿದು ಮಾರಿದರು, 1565ರಲ್ಲಿ ಎಲ್ಲ ಮುಗೀತು. ಪರೀಕ್ಷೆಗೆ ಇಷ್ಟು ಸಾಕು. ಆದರೆ ಆ ನೆಲಕ್ಕೆ ಇಷ್ಟು ಸಾಲದು.

ಈ ಮೂರು ಸಾಲಿನೊಳಗೆ ಹಿಡಿಸದ ಊರು ಕಡ್ಡಿರಾಂಪುರ. ಹೊಸಪೇಟೆಯಿಂದ ಹಂಪಿ ಬಸ್ ಹತ್ತಿದರೆ ಮೊದಲು ಅನಂತಶಯನಗುಡಿ, ಆಮೇಲೆ ಕಡ್ಡಿರಾಂಪುರ, ಆಮೇಲೆ ಹಂಪಿ. ಕಾಲೇಜು ಟ್ರಿಪ್‌ನ ಬಸ್ಸು ಇಲ್ಲಿ ನಿಲ್ಲೋದಿಲ್ಲ. ಆದರೆ ಎರಡು ಕಾರಣಕ್ಕೆ ನಿಲ್ಲಬೇಕು. ಒಂದು, ಇಲ್ಲಿ ವಿಜಯನಗರ ಕಾಲದ ಎರಡು ಮುಸ್ಲಿಂ ಗೋರಿಗಳಿವೆ. ಅವುಗಳ ರೂಪ ನೋಡಿದರೆ ಕಲಬುರಗಿಯ ಬಹಮನಿ ಗೋರಿಗಳು ನೆನಪಾಗುತ್ತವೆ. ಇನ್ನೊಂದು, 2011ರಲ್ಲಿ ಹಂಪಿ ಬಜಾರಿನಿಂದ ಎಬ್ಬಿಸಿದ ಕುಟುಂಬಗಳಿಗೆ ಜಾಗ ತೋರಿಸಿದ್ದು ಇಲ್ಲೇ. ಒಂದು ಐದಾರು ನೂರು ವರ್ಷದ ಹಿಂದಿನದು, ಇನ್ನೊಂದು ನಾವು ಶಾಲೆಗೆ ಹೋಗೋ ಹೊತ್ತಿನದು. ಎರಡೂ ನಮ್ಮ ಮೂರು ಸಾಲಿನಲ್ಲಿಲ್ಲ.

ಮೊದಲು ಗೋರಿಗಳ ವಿಷಯ. ವೈರಿಗಳ ಗೋರಿ ರಾಜಧಾನಿಯ ಪಕ್ಕ ಹೇಗೆ ಬಂತು ಅಂತ ಕೆಲವರು ಕೇಳ್ತಾರೆ. ಪ್ರಶ್ನೆಯೇ ಸರಿ ಇಲ್ಲ. ಎರಡನೇ ದೇವರಾಯನ ಸೈನ್ಯದಲ್ಲಿ ಮುಸ್ಲಿಂ ಬಿಲ್ಲುಗಾರರೂ ಕುದುರೆ ಸವಾರರೂ ಇದ್ದರು. ಅವನ ಅಧಿಕಾರಿ ಅಹ್ಮದ್ ಖಾನ್ 1439ರಲ್ಲಿ ರಾಜಧಾನಿಯಲ್ಲೇ ಒಂದು ಕಟ್ಟಡ ಕಟ್ಟಿಸಿದ. ನಾವು ಅದನ್ನ ಮಸೀದಿ ಅಂತೀವಿ, ಅಲ್ಲಿನ ಕನ್ನಡ ಶಾಸನ ಅದನ್ನ ಧರ್ಮಶಾಲೆ ಅನ್ನುತ್ತದೆ, ರಾಯನಿಗೆ ಪುಣ್ಯ ಬರಲಿ ಅಂತ ಕಟ್ಟಿಸಿದ್ದು ಅನ್ನುತ್ತದೆ. ಅದಕ್ಕೂ ಹಿಂದೆ, 1368ರಲ್ಲಿ, ಜೈನರಿಗೂ ಶ್ರೀವೈಷ್ಣವರಿಗೂ ಜಗಳ ಬಿದ್ದಾಗ ಬುಕ್ಕರಾಯ ಇಬ್ಬರನ್ನೂ ಕೂರಿಸಿ ತೀರ್ಮಾನ ಮಾಡಿದ. ಆ ಶಾಸನ ಶ್ರವಣಬೆಳಗೊಳದಲ್ಲಿದೆ. 1385ರಲ್ಲಿ ದಂಡನಾಯಕ ಇರುಗಪ್ಪ ಕಟ್ಟಿಸಿದ ಗಾಣಗಿತ್ತಿ ಜಿನಾಲಯ ಇವತ್ತಿಗೂ ಕಮಲಾಪುರದ ದಾರೀಲಿ ನಿಂತಿದೆ. ರಾಯರು ತಮ್ಮನ್ನ ಹಿಂದೂರಾಯ ಸುರತ್ರಾಣ ಅಂತ ಕರೆಸಿಕೊಂಡರು. ಸುರತ್ರಾಣ ಅಂದ್ರೆ ಸುಲ್ತಾನ! ತಿರುಪತಿಯಲ್ಲಿರೋ ಕೃಷ್ಣದೇವರಾಯನ ಪ್ರತಿಮೆಯ ತಲೆ ಮೇಲಿನ ಎತ್ತರದ ಕುಲ್ಲಾವಿ ಟೋಪಿ ಕೂಡ ಪಶ್ಚಿಮದ ಆಸ್ಥಾನಗಳಿಂದ ಬಂದದ್ದು.

ಹಾಗಂತ ಎಲ್ಲರೂ ಪ್ರೀತಿಯಿಂದಿದ್ದರು ಅಂತ ಹೇಳ್ತಿಲ್ಲ. ರಾಯಚೂರು ದೋಆಬಿಗಾಗಿ ಹರಿದ ರಕ್ತ ಕಡಿಮೆಯಲ್ಲ. ಅರಮನೆಯೊಳಗೂ ಸಂಗಮ, ಸಾಳುವ, ತುಳುವ, ಅರವೀಡು ಅಂತ ನಾಲ್ಕು ವಂಶ ಬದಲಾದವು, ಎಲ್ಲವೂ ಶಾಂತಿಯಿಂದ ಬದಲಾಗಲಿಲ್ಲ. ನಾವು ಹೇಳೋದಿಷ್ಟೇ: ಜಗಳವೂ ಇತ್ತು, ಬೆರಕೆಯೂ ಇತ್ತು. ಜಗಳ ಮಾತ್ರ ನೆನಪಿಟ್ಟು ಬೆರಕೆ ಮರೆತರೆ ಅದು ಇತಿಹಾಸ ಅಲ್ಲ, ಅರ್ಧ ಸಿನಿಮಾ.

ಇಲ್ಲಿ ಜಪಾನ್ ನೆನಪಾಗುತ್ತೆ, ಬರೀ ಅನಿಮೆಯಿಂದಲ್ಲ. ಎರಡು ಕಥೆಗಳಿಗೂ ಗೋವಾದ ನಂಟಿದೆ. 1510ರಲ್ಲಿ ಪೋರ್ಚುಗೀಸರು ಗೋವಾ ಹಿಡಿದ ಮೇಲೆ ವಿಜಯನಗರಕ್ಕೆ ಕುದುರೆ ಬರ್ತಿದ್ದ ಮುಖ್ಯ ಬಾಗಿಲು ಅದೇ ಆಯ್ತು. ಅದೇ ಪೋರ್ಚುಗೀಸರ ಬಂದೂಕು 1543ರಲ್ಲಿ ಜಪಾನಿನ ತಾನೆಗಶಿಮಾ ದ್ವೀಪಕ್ಕೆ ತಲುಪಿತು. 1549ರಲ್ಲಿ ಫ್ರಾನ್ಸಿಸ್ ಕ್ಸೇವಿಯರ್ ಜಪಾನಿಗೆ ಹೊರಟದ್ದೂ ಗೋವಾದಿಂದಲೇ. ಇಲ್ಲಿ 1565ರಲ್ಲಿ ರಾಜಧಾನಿ ಹಾಳಾಯಿತು. ಅಲ್ಲಿ 1600ರ ಸೆಕಿಗಹರ ಯುದ್ಧದ ನಂತರ ನೂರು ವರ್ಷ ಮೀರಿದ ಒಳಜಗಳ ಮುಗಿಯುತ್ತಾ ಬಂತು, 1603ರಲ್ಲಿ ಎಡೋ ಆಳ್ವಿಕೆ ಶುರುವಾಯಿತು.

ಧರ್ಮದ ವಿಷಯದಲ್ಲೂ ಹೋಲಿಕೆ ಇದೆ. 6ನೇ ಶತಮಾನದಲ್ಲಿ ಕೊರಿಯಾ ಕಡೆಯಿಂದ ಬಂದ ಬೌದ್ಧ ಧರ್ಮ ಜಪಾನಿನ ಶಿಂತೋ ದೇವರುಗಳ ಜೊತೆ ಸಾವಿರ ವರ್ಷಕ್ಕೂ ಹೆಚ್ಚು ಕಾಲ ಒಂದೇ ಅಂಗಳದಲ್ಲಿ ಬಾಳಿತು. 1868ರಲ್ಲಿ ಮೇಜಿ ಸರ್ಕಾರ ಎರಡನ್ನೂ ಬೇರೆ ಮಾಡಿ ಅಂತ ಆದೇಶ ಹೊರಡಿಸಿತು. ಅದರ ಬೆನ್ನಿಗೇ ಎಷ್ಟೋ ಬೌದ್ಧ ದೇಗುಲ ಒಡೆದವು, ವಿಗ್ರಹ ಸುಟ್ಟವು, ಗಂಟೆ ಕರಗಿದವು. ಹೊರಗಿನ ವೈರಿ ಯಾರೂ ಬಂದಿರಲಿಲ್ಲ. ಇತಿಹಾಸವನ್ನ ಶುದ್ಧ ಮಾಡ್ತೀವಿ ಅಂತ ಹೊರಟವರೇ ಅದನ್ನ ಮಾಡಿದ್ದು.

ಈಗ ಕಡ್ಡಿರಾಂಪುರದ ಎರಡನೇ ವಿಷಯ. ವಿರೂಪಾಕ್ಷ ಗುಡಿ ಮುಂದಿನ ರಥಬೀದಿಯ ಕಲ್ಲಿನ ಮಂಟಪಗಳಲ್ಲಿ ದಶಕಗಳಿಂದ ಜನ ಅಂಗಡಿ, ಹೋಟೆಲ್ಲು, ಮನೆ ಮಾಡಿಕೊಂಡಿದ್ದರು. 2011ರ ಜುಲೈ ಕೊನೆಯಲ್ಲಿ ಜೆಸಿಬಿ ಬಂತು. ಮುನ್ನೂರಕ್ಕೂ ಹೆಚ್ಚು ಕುಟುಂಬಗಳು ಎದ್ದವು. ನಿವೇಶನ ಕೊಟ್ಟದ್ದು ನಾಲ್ಕು ಕಿಲೋಮೀಟರ್ ದೂರದ ಕಡ್ಡಿರಾಂಪುರದಲ್ಲಿ. ಅಲ್ಲಿ ಮನೆ ಏಳೋಕೆ ವರ್ಷಗಳೇ ಹಿಡಿದವು. ಭಕ್ತರಿಗೆ ತೆಂಗಿನಕಾಯಿ, ಪ್ರವಾಸಿಗರಿಗೆ ಇಡ್ಲಿ ಮಾರಿ ಬದುಕ್ತಿದ್ದವರಿಗೆ ನಾಲ್ಕು ಕಿಲೋಮೀಟರ್ ಅಂದ್ರೆ ಬರೀ ದೂರ ಅಲ್ಲ, ಹೊಟ್ಟೆಪಾಡು.

ಇನ್ನೊಂದು ಪಕ್ಷದ ಮಾತೂ ಕೇಳಬೇಕು. ಮಂಟಪದ ಕಂಬಗಳ ನಡುವೆ ಇಟ್ಟಿಗೆ ಗೋಡೆ, ಸಿಮೆಂಟು, ಚರಂಡಿ ಬಂದರೆ ಕಲ್ಲಿಗೆ ಪೆಟ್ಟಾಗುತ್ತೆ. ಸಿವಿಲ್‌ನವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಹಂಪಿ 1986ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿತು, 1999ರಲ್ಲಿ ಅಪಾಯದ ಪಟ್ಟಿಗೂ ಬಿತ್ತು, 2006ರಲ್ಲಿ ಅದರಿಂದ ಹೊರಬಂತು. ಕಾಪಾಡೋರ ಆತಂಕ ಸುಳ್ಳಲ್ಲ. ನಮ್ಮ ತಕರಾರು ಕಾಪಾಡೋದರ ಬಗ್ಗೆ ಅಲ್ಲ, ಏನನ್ನ ಕಾಪಾಡ್ತೀವಿ ಅನ್ನೋದರ ಬಗ್ಗೆ. ಬಜಾರ್ ಅನ್ನೋ ಹೆಸರಿಟ್ಟುಕೊಂಡು ವ್ಯಾಪಾರಿಗಳಿಲ್ಲದ ಬೀದಿ ಮಾಡಿದರೆ ಉಳಿದದ್ದೇನು? 1520ರ ಹೊತ್ತಿಗೆ ಬಂದ ಪೋರ್ಚುಗೀಸ್ ವ್ಯಾಪಾರಿ ಡೊಮಿಂಗೋ ಪಾಯೆಸ್ ಬೆರಗಾಗಿದ್ದು ಖಾಲಿ ಕಂಬ ನೋಡಿ ಅಲ್ಲ, ಜನ ತುಂಬಿದ ಬೀದಿ ನೋಡಿ.

ಬೇರೆ ದಾರಿ ಇದೆಯಾ? ಮತ್ತೆ ಜಪಾನ್ ಕಡೆಗೇ ನೋಡೋಣ. 1975ರಲ್ಲಿ ಅಲ್ಲಿ ಪರಂಪರೆ ಕಾನೂನಿಗೆ ತಿದ್ದುಪಡಿ ತಂದು, ಜನ ವಾಸಿಸ್ತಿರೋ ಹಳೇ ಬೀದಿ, ಹಳ್ಳಿಗಳನ್ನ ಜನರ ಸಮೇತ ಕಾಪಾಡೋ ವ್ಯವಸ್ಥೆ ಮಾಡಿದರು. ಶಿರಕವಾಗೋ ಕಣಿವೆಯ ಓಗಿಮಾಚಿ ಹಳ್ಳಿಯವರು ಅದಕ್ಕೂ ಮೊದಲೇ, 1971ರಲ್ಲಿ, ಮನೆ ಮಾರಬಾರದು, ಬಾಡಿಗೆಗೆ ಕೊಡಬಾರದು, ಕೆಡವಬಾರದು ಅಂತ ತಾವೇ ನಿಯಮ ಮಾಡಿಕೊಂಡಿದ್ದರು. ಅಲ್ಲಿನ ಹುಲ್ಲಿನ ಚಾವಣಿಯನ್ನ ಊರವರೆಲ್ಲ ಸೇರಿ ಹೊದಿಸ್ತಾರೆ, ನಮ್ಮ ಕಡೆಯ ಮುಯ್ಯಾಳಿನ ಹಾಗೆ. 1995ರಲ್ಲಿ ಆ ಹಳ್ಳಿಯೂ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ಪ್ರವಾಸಿಗರ ಕಾಟ ಅಲ್ಲೂ ತಪ್ಪಿಲ್ಲ. ಆದರೂ ಒಂದು ಮಾತು ಸ್ಪಷ್ಟ: ಅಲ್ಲಿ ಜನ ಪರಂಪರೆಗೆ ಅಡ್ಡಿ ಅಲ್ಲ, ಪರಂಪರೆಯ ಮೇಂಟೆನೆನ್ಸ್ ಟೀಮು.

ನಮ್ಮಲ್ಲೂ ಇದಕ್ಕೆ ಉದಾಹರಣೆ ಇದೆ, ಅದೂ ಇಂಜಿನಿಯರಿಂಗ್ ಉದಾಹರಣೆ. ವಿಜಯನಗರದವರು ತುಂಗಭದ್ರೆಗೆ ಕಟ್ಟಿದ ಅಣೆಕಟ್ಟೆಗಳಿಂದ ಹೊರಟ ತುರ್ತು ಕಾಲುವೆ, ಬಸವಣ್ಣ ಕಾಲುವೆ, ರಾಯ ಕಾಲುವೆಗಳಲ್ಲಿ ಇವತ್ತಿಗೂ ನೀರು ಹರೀತಿದೆ. ಬಾಳೆ, ಕಬ್ಬು, ಭತ್ತ ಬೆಳೀತಿವೆ. ಅರಮನೆಗಳ ಅಡಿಪಾಯ ಮಾತ್ರ ಉಳಿದಿದೆ, ಕಾಲುವೆ ಉಳಿದಿದೆ. ಯಾಕಂದ್ರೆ ಕಾಲುವೆ ರೈತನ ಕೈ ಬಿಡಲಿಲ್ಲ. ಹೂಳು ತುಂಬಿದಾಗ ತೆಗೆಯೋಕೆ ಜನ ಇದ್ದರು. 1565ಕ್ಕೆ ಎಲ್ಲ ಮುಗೀತು ಅನ್ನೋರಿಗೆ ಈ ನೀರೇ ಉತ್ತರ.

ಹಾಗಾದ್ರೆ ನಾವೇನು ಮಾಡಬಹುದು? ಸರ್ಕಾರದ ನೀತಿ ಬರೆಯೋದು ನಮ್ಮ ಕೈಲಿಲ್ಲ. ಮುಂದಿನ ಹಂಪಿ ಟ್ರಿಪ್‌ನ ಪಟ್ಟಿ ಬರೆಯೋದು ನಮ್ಮ ಕೈಲಿದೆ. ಅದರಲ್ಲಿ ಕಡ್ಡಿರಾಂಪುರಕ್ಕೆ ಎರಡು ಗಂಟೆ ಇಡೋಣ. ಗೋರಿಗಳ ಅಳತೆ ತೆಗೆದು ಡ್ರಾಯಿಂಗ್ ಮಾಡೋಣ. ಬಜಾರಿನಿಂದ ಬಂದ ಹಿರಿಯರು ಒಪ್ಪಿದರೆ ಅವರ ಮಾತನ್ನ ರೆಕಾರ್ಡ್ ಮಾಡಿ ಕನ್ನಡದಲ್ಲೇ ಬರೆದಿಡೋಣ: ಯಾವ ಮಂಟಪದಲ್ಲಿ ಯಾರಿದ್ದರು, ಜಾತ್ರೆ ಹೇಗೆ ನಡೀತಿತ್ತು, ಎದ್ದ ದಿನ ಏನಾಯ್ತು. ಫೋನು ನಮ್ಮ ಜೇಬಲ್ಲೇ ಇದೆ. ಶಾಸನಕ್ಕೆ ಕಲ್ಲೇ ಆಗಬೇಕಂತಿಲ್ಲ.

ನಮ್ಮಲ್ಲಿ ಎಷ್ಟೋ ಜನ ನಾಳೆ ರಸ್ತೆ, ಅಣೆಕಟ್ಟು, ಸ್ಮಾರ್ಟ್ ಸಿಟಿ ಅಂತ ನಕ್ಷೆ ಬರೆಯೋರು. ಯಾವ ಗೆರೆ ಎಳೆದರೂ ಅದರ ಕೆಳಗೆ ಯಾರದೋ ಮನೆ ಇರುತ್ತೆ, ಯಾರದೋ ಗೋರಿ ಇರುತ್ತೆ. ಗೆರೆ ಎಳೆಯೋ ಮುಂಚೆ ಅಲ್ಲಿಗೆ ಹೋಗಿ ನೋಡೋ ಅಭ್ಯಾಸವನ್ನ ಈಗಲೇ ಮಾಡಿಕೊಳ್ಳೋಣ.